ರಕ್ತಕ್ಕೆ ಬಿಸಿನೀರು

ಸಕ್ಕರೆ ಪಾಕ ಸೀದ ವಾಸನೆ. ಚಿಕ್ಕಂದಿನಲ್ಲಿ ನನಗೆ ಕೆಮ್ಮು ಬಂದರೆ ಅಮ್ಮ ಸಕ್ಕರೆ ಕಾಯಿಸುತ್ತಿದ್ದಳು. ಅಷ್ಟರಲ್ಲಿ ತಂಗಿ ಅತ್ತರೆ ಎದ್ದು ಓಡುತ್ತಿದ್ದಳು, ಪಾಕ ಕಪ್ಪಾಗುತ್ತಿತ್ತು. ಆಗಿನಿಂದ ನನಗೆ ಗೊತ್ತು, ಪಾಕ ಸೀದಿತೆಂದರೆ ಯಾರೋ ಅರ್ಧಕ್ಕೇ ಎದ್ದು ಓಡಿದ್ದಾರೆ.

ಆ ಬೆಳಿಗ್ಗೆ ಅದೇ ವಾಸನೆ ರಂಗಮಂದಿರದ ಹಿತ್ತಿಲಿನಿಂದ ಬಂತು. ಒಲೆಯ ಮೇಲೆ ಕೆಂಪು ಪಾಕ ಹೊಗೆಯಾಡುತ್ತಿತ್ತು. ನಮ್ಮ ನಾಟಕಗಳಲ್ಲಿ ಹರಿಯುವ ರಕ್ತವೆಲ್ಲ ಅದೇ. ಕಾಯಿಸುವವನು ಪಾಕದಣ್ಣ. ಅವನಿರಲಿಲ್ಲ. ನಾನು ಒಲೆ ಆರಿಸುವಷ್ಟರಲ್ಲಿ ರಂಗದ ಕೆಳಗಿನ ನೆಲಮಾಳಿಗೆಯಿಂದ ಅವನ ಕೂಗು ಕೇಳಿತು.

"ಅಜ್ಜೀ! ಬೇಗ ಬನ್ನಿ! ದೊರೆ ಇಲ್ಲಿ ಬಿದ್ದಿದ್ದಾರೆ!"

ದೊರೆ ನಮ್ಮ ಮುಖ್ಯ ನಟ. ಮೂವತ್ತು ವರ್ಷ ರಾಜನ ಪಾತ್ರ ಮಾಡಿ ಮಾಡಿ ಅವರ ಮನೆಯವರೂ ಹಾಗೇ ಕರೆಯುತ್ತಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಮೈ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ಮೇಲೆ, ನಾಟಕದ ಭೂತ ಎದ್ದುಬರಲೆಂದು ರಂಗದ ನೆಲದಲ್ಲಿ ಕೊರೆದಿದ್ದ ಬಾಗಿಲು ಬಾಯಿ ತೆರೆದುಕೊಂಡಿತ್ತು.

ನಾನು ಪಕ್ಕದಲ್ಲಿ ಕುಳಿತೆ. ಎರಡು ವಿಷಯ ಕಣ್ಣಿಗೆ ಬಿದ್ದವು. ಮುಖವನ್ನು ಯಾರೋ ಒರೆಸಿದ್ದರು. ತಲೆಯ ಕೆಳಗೆ ಹಳೆಯ ಪರದೆಯ ತುಂಡನ್ನು ನಾಲ್ಕು ಮಡಿಕೆ ಮಡಿಸಿ ಇಟ್ಟಿದ್ದರು.

"ನೀನಾ ಒರೆಸಿದ್ದು?"

"ಅಯ್ಯೋ, ನಾನು ಮುಟ್ಟೇ ಇಲ್ಲ ಅಜ್ಜಿ. ಸೌದೆಗೆ ಅಂತ ಇಳಿದೆ, ನೋಡಿದ್ದೇ ಕೂಗಿದೆ."

* * *

ಇನ್ಸ್‌ಪೆಕ್ಟರಿಗೆ ವಿಪರೀತ ನೆಗಡಿ. ಕರವಸ್ತ್ರ ಮೂಗಿನಿಂದ ಇಳಿಯಲೇ ಇಲ್ಲ.

"ಕಾಲು ಜಾರಿ ಬಿದ್ರು ಸಾರ್," ಎಂದರು ನಮ್ಮ ನಿರ್ದೇಶಕ ಮೇಷ್ಟ್ರು. "ಈ ನಾಟಕಕ್ಕೇ ಶಾಪ ಇದೆ. ಬೇಡ ಅಂತ ಎಲ್ಲರೂ ಹೇಳಿದ್ರು."

ಅದೊಂದು ಹಳೆಯ ಇಂಗ್ಲಿಷ್ ದುರಂತ ನಾಟಕ. ಅಣ್ಣನನ್ನು ಕೊಂದು ಪಟ್ಟಕ್ಕೇರಿದವನ ಊಟದ ಮೇಜಿಗೆ ಸತ್ತವನ ಭೂತ ಬಂದು ಕೂರುತ್ತದೆ. ಅದನ್ನು ಆಡಿದ ಕಂಪನಿಯಲ್ಲಿ ಒಂದು ಹೆಣ ಬೀಳುತ್ತದೆ ಎಂಬ ಮಾತಿತ್ತು.

"ಬೀಳೋನು ಕೈ ಊರ್ತಾನೆ ಮೇಷ್ಟ್ರೇ. ಇವರ ಅಂಗೈಲಿ ಒಂದು ಗೀರೂ ಇಲ್ಲ." ಇನ್ಸ್‌ಪೆಕ್ಟರ್ ಮೂಲೆಯತ್ತ ಕೈ ತೋರಿಸಿದರು. ಸೀನರಿ ಅಲುಗದಂತೆ ಇಡುವ ಕಬ್ಬಿಣದ ತೂಕ ಅಲ್ಲಿತ್ತು. ಅದಕ್ಕೆ ಕೂದಲು ಅಂಟಿತ್ತು. "ಶಾಪ ಕಬ್ಬಿಣ ಎತ್ತಲ್ಲ. ನಿನ್ನೆ ಸಂಜೆ ತಾಲೀಮು ಮುಗಿದ ಮೇಲೆ ಯಾರೋ ಹಿಂದಿನಿಂದ ಹೊಡೆದಿದ್ದಾರೆ. ಇವರಿಗೆ ಯಾರ ಜತೆ ಜಗಳ ಇತ್ತು?"

ಎಲ್ಲರ ಕಣ್ಣೂ ಪಾಕದಣ್ಣನ ಕಡೆ ಹೋದವು. ರಕ್ತ ಅಂಟಂಟು, ಗಡ್ಡಕ್ಕೆ ಇರುವೆ ಹತ್ತುತ್ತವೆ ಎಂದು ದೊರೆ ಅವನನ್ನು ಎಲ್ಲರೆದುರು ಬೈದಿದ್ದರು. ಕೆಲಸದಿಂದ ತೆಗೆಸುತ್ತೇನೆ ಎಂದೂ ಹೇಳಿದ್ದರು. ಗೋಡೆಯ ಮೊಳೆಯಲ್ಲಿ ಅವನ ನಿನ್ನೆಯ ಅಂಗಿ ನೇತಾಡುತ್ತಿತ್ತು. ತೋಳೆಲ್ಲ ಕೆಂಪು.

"ಅದು ಪಾಕ ಸಾರ್! ಬೇಕಾದ್ರೆ ಮೂಸಿ ನೋಡಿ!"

"ಮೂಗೇ ಕಟ್ಟಿದೆ, ಏನಪ್ಪ ಮೂಸ್ಲಿ? ಅಂಗಿ ಪರೀಕ್ಷೆಗೆ ಹೋಗ್ಲಿ. ಅಲ್ಲೀತನಕ ನೀನು ನಮ್ಮ ಜತೆ ನಡಿ."

ಜೀಪು ಹತ್ತುವಾಗ ಅವನು ನನ್ನತ್ತ ತಿರುಗಿದ. "ಮನೇಲಿ ಅವಳಿಗೆ ಮೆಲ್ಲಗೆ ಹೇಳಿ ಅಜ್ಜಿ. ಏಳು ತಿಂಗಳು ಅವಳಿಗೆ."

* * *

ಕಂಪನಿಯ ಬಟ್ಟೆಗಳನ್ನು ನೋಡಿಕೊಳ್ಳುವವಳು ನಾನು. ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಡುವವನು ಪಿಸುಮಾಮ. ಪರದೆಯ ಪಕ್ಕ ಸ್ಟೂಲಿನ ಮೇಲೆ ಕುಳಿತು, ಮಾತು ಮರೆತ ನಟರಿಗೆ ಮೆಲ್ಲಗೆ ಮಾತು ಎತ್ತಿಕೊಡುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಅದೇ ಸ್ಟೂಲು. ದಿನಾ ಬೆಳಿಗ್ಗೆ ಹತ್ತು ಸೂಜಿ ಪೋಣಿಸಿ ನನ್ನ ಬಟ್ಟೆಯ ದಿಂಡಿಗೆ ಚುಚ್ಚಿಟ್ಟು ಹೋಗುತ್ತಿದ್ದ. ಯಾರೂ ಹೇಳಿದ ಕೆಲಸವಲ್ಲ.

ಅಂದೂ ಬಂದ. ಹತ್ತು ಪೋಣಿಸಲು ಅರ್ಧ ಗಂಟೆ ಹಿಡಿಯಿತು.

ಬಾಗಿಲಲ್ಲಿ ಮೇಷ್ಟ್ರು ನಿಂತರು. "ಶುಕ್ರವಾರದ ಟಿಕೆಟ್ ಎಲ್ಲ ಹೋಗಿದೆ. ರಾಜನ ಮಾತು ಪೂರ್ತಿ ಗೊತ್ತಿರೋನು ಕಂಪನೀಲಿ ನೀನೊಬ್ನೇ. ಮಾಡ್ತೀಯಾ?"

"ನನ್ನಿಂದ ಆಗುತ್ತಾ ಮೇಷ್ಟ್ರೇ?" ಎಂದ ಪಿಸುಮಾಮ. ಬೆನ್ನು ಆಗಲೇ ನೆಟ್ಟಗಾಗಿತ್ತು.

ಅವರು ಹೋದ ಮೇಲೆ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದೆ. ಹಗ್ಗದ ಕೊನೆಯಲ್ಲಿ, ನಾನು ಹಾಕದ ಒಂದು ಟವಲು. ಹಳದಿ ಅಂಚಿನದು. ನಡುವೆ ಅಂಗೈಯಗಲದ ಕಂದು ಕಲೆ. ಉಜ್ಜಿ ಉಜ್ಜಿ ನೂಲು ಎದ್ದಿತ್ತು. ಕಲೆ ಮಾತ್ರ ಹೋಗಿರಲಿಲ್ಲ.

ಒಗೆಯುವ ಕಲ್ಲಿನ ಮೇಲಿನ ಗೋಡೆಯಲ್ಲಿ ನಾನೇ ವರ್ಷಗಳ ಹಿಂದೆ ಬರೆದಿದ್ದೆ: "ರಕ್ತವಾದ ಬಟ್ಟೆಗೆ ಬಿಸಿನೀರು." ಪಾಕ ಬಿಸಿನೀರಿಗೆ ತಾನೇ ಕರಗುತ್ತದೆ. ನಿಜವಾದ ರಕ್ತಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ಬಿದ್ದರೆ ಕಲೆ ನೂಲಿಗೆ ಕಚ್ಚಿಕೊಂಡು ಜನ್ಮಕ್ಕೂ ಬಿಡುವುದಿಲ್ಲ. ಸಂಸಾರ ಮಾಡಿದ ಯಾವ ಹೆಂಗಸಿಗೂ ಅದು ಗೊತ್ತು.

ಟವಲು ಯಾರ ಕೈಯಲ್ಲಿರುತ್ತಿತ್ತೆಂದು ನನಗೆ ಗೊತ್ತಿತ್ತು. ಒಳಗೆ ತಂದು ಮಡಿಲಲ್ಲಿಟ್ಟುಕೊಂಡು ಕುಳಿತೆ. ದಿಂಡಿನಲ್ಲಿ ಹತ್ತು ಸೂಜಿಗಳಿದ್ದವು. ಒಂದನ್ನೂ ಮುಟ್ಟಲಾಗಲಿಲ್ಲ. ಆಮೇಲೆ ಏಳು ತಿಂಗಳ ಬಸುರಿಯ ಮುಖ ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡೆ.

* * *

"ಮೊದಲು ಆ ಅಂಗಿ ತೋರಿಸಪ್ಪ," ಎಂದೆ ಠಾಣೆಯಲ್ಲಿ ಇನ್ಸ್‌ಪೆಕ್ಟರಿಗೆ.

ಕಪಾಟು ತೆಗೆದರು. ಕಾಗದದ ಪೊಟ್ಟಣದ ಮೇಲೆ ಕಪ್ಪು ಗೆರೆ ಎಳೆದಂತೆ ಇರುವೆ ಸಾಲು.

"ಪರೀಕ್ಷೆ ಮುಗೀತು ನೋಡು. ಇರುವೆಗಳಿಗೆ ನೆಗಡಿ ಇಲ್ಲ."

ಅವರು ನಗಲು ಹೋಗಿ ಸೀನಿದರು. ನಾನು ಟವಲು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಯಾರೆಂದು ಹೇಳಿದೆ. ಅವರು ಕಲೆಯ ಮೇಲೆ ಬಾಗಿ ನೋಡಿದರು.

"ಒಗೆದಿದ್ದು ಯಾರು ಅಂತ ಟವಲು ಹೇಳಲ್ವಲ್ಲ ಅಮ್ಮ. ಮಧ್ಯಾಹ್ನ ತಾಲೀಮಿಗೆ ಬರ್ತೀನಿ. ಇದನ್ನ ಒಂದು ಕಡೆ ಇಡ್ಬೇಕು. ಇಡ್ತೀರಾ?"

* * *

ರಂಗದ ಮೇಲೆ ಉದ್ದನೆಯ ಮೇಜು. ಸುತ್ತ ಅತಿಥಿಗಳು. ನಡುವೆ ಭೂತಕ್ಕೆಂದು ಬಿಟ್ಟ ಖಾಲಿ ಕುರ್ಚಿ. ಅದರ ಮೇಲೆ ಟವಲನ್ನು ಮಡಿಸಿಟ್ಟವಳು ನಾನೇ. ಭೂತದ ಪಾತ್ರಧಾರಿ ಕೆಳಗೆ, ಪ್ರೇಕ್ಷಕರ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಇದ್ದ. ಅವನ ನಿಲುವಂಗಿಗೆ ಇನ್ನೂ ತೋಳು ಹೊಲಿದಿರಲಿಲ್ಲ.

ಪಿಸುಮಾಮ ಕಿರೀಟ ಇಟ್ಟು ಬಂದ. ಚೆನ್ನಾಗಿಯೇ ಮಾಡುತ್ತಿದ್ದ, ನಿಜ ಹೇಳಬೇಕು. ಬಟ್ಟಲು ಎತ್ತಿದ. ಕುರ್ಚಿಯತ್ತ ತಿರುಗಿದ. ನಿಂತುಬಿಟ್ಟ.

ಅವನು ನೋಡಿದ್ದು ಟವಲನ್ನಲ್ಲ. ಅದಕ್ಕಿಂತ ಎರಡು ಮೊಳ ಮೇಲೆ. ಅಲ್ಲಿ ಕುಳಿತವರ ಮುಖ ಎಲ್ಲಿರುತ್ತದೋ ಅಲ್ಲಿ.

"ಒರೆಸಿದ್ನಲ್ಲ," ಎಂದ. ದನಿ ಪಿಸುಮಾತಿಗೆ ಇಳಿದಿತ್ತು. "ಮೂರು ಸಲ ಬಿಸಿನೀರಲ್ಲಿ ತೊಳೆದೆ. ತಲೆಗೆ ದಿಂಬು ಮಾಡಿದೆ. ಇನ್ನೂ ಯಾಕೆ ಹಾಗೆ ನೋಡ್ತೀರಿ ದೊರೆ?"

ಇನ್ಸ್‌ಪೆಕ್ಟರ್ ಮೇಷ್ಟ್ರ ಕಡೆ ಬಾಗಿದರು. "ಇದು ಪುಸ್ತಕದಲ್ಲಿದೆಯಾ?"

ಮೇಷ್ಟ್ರು ಹಾಳೆ ತಿರುವಿದರು. "ಇಲ್ಲ."

ಪಿಸುಮಾಮ ಪರದೆಯ ಪಕ್ಕದ ಸ್ಟೂಲಿನತ್ತ ತಿರುಗಿದ, ಮುಂದಿನ ಮಾತಿಗಾಗಿ. ಸ್ಟೂಲು ಖಾಲಿಯಾಗಿತ್ತು.

* * *

"ಗೋಡೆ ಬರಹ ನಂಬಿ ಬಿಸಿನೀರಲ್ಲಿ ಒಗೆದಿದ್ದಾರೆ ಅಂದಾಗ್ಲೇ ಇದು ಹೊರಗಿನವರ ಕೆಲಸ ಅಲ್ಲ ಅಂತಾಯ್ತು," ಎಂದರು ಇನ್ಸ್‌ಪೆಕ್ಟರ್ ಠಾಣೆಯಲ್ಲಿ ಮೇಷ್ಟ್ರಿಗೆ. "ಕಂಪನಿಯೋರೇ. ಆದರೆ ಯಾರು? ಹಗೆ ಇದ್ದೋನು ಹೊಡೆದು ಓಡ್ತಾನೆ. ಮುಖ ಒರೆಸಲ್ಲ. ತಾಲೀಮು ಮುಗಿದ ತಕ್ಷಣ ದೊರೆಗೆ ನೀರು, ಹಳದಿ ಅಂಚಿನ ಟವಲು ಕೊಡ್ತಾ ಇದ್ದೋನು ಒಬ್ಬನೇ. ಅಜ್ಜಿ ಹೇಳಿದ್ದು ಅಷ್ಟೇ."

ಉಳಿದದ್ದನ್ನು ಪಿಸುಮಾಮನೇ ಹೇಳಿದ. ದೊರೆಗೆ ಈಚೆಗೆ ಮರೆವು. ಪ್ರತಿ ಸಾಲೂ ಇವನೇ ಎತ್ತಿಕೊಡಬೇಕು. ಕೊನೆಯ ಆಟದಲ್ಲಿ ರಾಜನ ಪಾತ್ರ ನಿನಗೇ ಎಂದು ಮಾತು ಕೊಟ್ಟಿದ್ದರಂತೆ. ಹಿಂದಿನ ಸಂಜೆ ಅವರು ಭೂತದ ಬಾಗಿಲ ಅಗಳಿ ನೋಡಲು ಕೆಳಗೆ ಇಳಿದಿದ್ದಾಗ ಟವಲು ಹಿಡಿದು ಹೋಗಿ ಅದನ್ನೇ ಕೇಳಿದ.

"ನಕ್ಕರು. ನಿನ್ನ ದನಿ ಮೂರನೇ ಸಾಲಿಗೂ ಮುಟ್ಟಲ್ಲ ಕಣೋ ಅಂದರು. ಹಾಗಂದು ಬೆನ್ನು ತಿರುಗಿಸಿದರು." ಕೈಗಳನ್ನು ನೋಡಿಕೊಂಡ. "ಬಿದ್ದ ಮೇಲೆ ಮುಖ ನೋಡಕ್ಕಾಗ್ಲಿಲ್ಲ ಅಜ್ಜಿ. ಒರೆಸಿದೆ."

"ಪಾಕದಣ್ಣನ್ನ ಹಿಡಿದಾಗ ಯಾಕೋ ಸುಮ್ನಿದ್ದೆ?"

"ಶುಕ್ರವಾರದ ಆಟ ಒಂದು ಆಗ್ಲಿ ಅಂತ."

ನಾನು ಎದ್ದು ಬಾಗಿಲ ಬಳಿಯ ಬೆಂಚಿನ ಕಡೆ ನಡೆದೆ.

ಪಾಕದಣ್ಣನನ್ನು ಹೊರಗೆ ಬಿಟ್ಟರು. ಬೆಂಚಿನ ಮೇಲೆ ಅವನ ಹೆಂಡತಿ ಭಾರದ ಹೊಟ್ಟೆ ಹೊತ್ತು ಕಾದಿದ್ದಳು. ಊಟದ ಡಬ್ಬಿ ಇನ್ನೂ ಬೆಚ್ಚಗಿತ್ತು. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದವನು ಹಿಂದಿರುಗಿ ನೋಡಿದ. ಸರಳುಗಳಾಚೆ ಪಿಸುಮಾಮ ನೆಲದ ಮೇಲೆ ಕುಳಿತಿದ್ದ. ಹಣೆಯಲ್ಲಿ ಕಿರೀಟದ ಗುರುತು.

ಪಾಕದಣ್ಣ ಹೆಂಡತಿಯ ಮುಖ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಎದ್ದು ಹೋಗಿ ಸರಳುಗಳ ನಡುವೆ ಡಬ್ಬಿಯನ್ನು ಒಳಗೆ ಕೊಟ್ಟ.