ಮಾಟಗಾರನ ಹಿತ್ತಲಿಗೆ ಹೊದಿಕೆ ಹಾಸಿದವಳು

ಬಹಳ ಹಿಂದೆ, ಹೊನ್ನಸಾಲು ಎಂಬ ರಾಜ್ಯದಲ್ಲಿ ದೇವೀರಿ ಎಂಬ ತೋಟಗಿತ್ತಿ ಇದ್ದಳು. ಅವಳ ಗಂಡ ಜವರಯ್ಯ ಒಂದು ದಿನ ಬಾಯಾರಿ, ಧೂಮಜಟನೆಂಬ ಮಾಟಗಾರನ ಹಿತ್ತಲ ಬಾವಿಯ ನೀರು ಕುಡಿದ. ಕುಡಿದು ತಲೆ ಎತ್ತುವಷ್ಟರಲ್ಲಿ ಎತ್ತಾಗಿದ್ದ. ಆ ಹಿತ್ತಲಿನಲ್ಲಿ ಅಂಥ ಇಪ್ಪತ್ತು ಎತ್ತುಗಳಿದ್ದವು.

ಗಂಡನನ್ನು ಬಿಡಿಸಲು ಹೋದ ದೇವೀರಿಗೆ ಮಾಟಗಾರ ಹೇಳಿದ: "ಮೂರು ದಿನ ನನ್ನ ಹಿತ್ತಲಿಗೆ ತರಗು, ಸೊಪ್ಪು ಹಾಸು. ದಿನವೂ ನಾನು ಒಟ್ಟುವ ರಾಶಿ ಹೊತ್ತು ಮುಳುಗುವ ಮೊದಲು ಖಾಲಿಯಾಗಬೇಕು. ಖಾಲಿಯಾದರೆ ಗಂಡ ನಿನ್ನವನು. ಆಗದಿದ್ದರೆ ಅವನ ಪಕ್ಕದ ನೊಗಕ್ಕೆ ನೀನು."

"ಆಗ್ಲಿ ಬುದ್ಧಿ," ಅಂದಳು. ಇನ್ನೇನು ಹೇಳಿಯಾಳು?

ಮೊದಲ ದಿನ ತರಗಿನ ರಾಶಿ ಮನೆಯೆತ್ತರ ಇತ್ತು. ಮಂಕರಿಗೆ ತುಂಬಿದಳು, ಹೊತ್ತಳು, ಸುರಿದಳು, ಹರಡಿದಳು. ಸಂಜೆಗೆ ರಾಶಿಯೂ ಮುಗಿದಿತ್ತು, ಅವಳ ಸೊಂಟವೂ ಬಿದ್ದುಹೋಗಿತ್ತು.

ಎರಡನೆಯ ದಿನ ರಾಶಿ ಗುಡ್ಡದೆತ್ತರ. ಮಧ್ಯಾಹ್ನ ಮಾಟಗಾರ ಉಫ್ ಎಂದು ಊದಿದ. ಹಾಸಿದ್ದೆಲ್ಲ ಹಾರಿ ಮತ್ತೆ ರಾಶಿಗೇ ಬಿತ್ತು. ದೇವೀರಿ ಕೂತು ಅತ್ತಳು. ಅಳುವುದಕ್ಕೂ ತ್ರಾಣ ಬೇಕಲ್ಲ, ಬೇಗ ನಿಲ್ಲಿಸಿದಳು. ಮತ್ತೆ ತುಂಬಿದಳು, ಹೊತ್ತಳು, ಸುರಿದಳು, ಹರಡಿದಳು. ಈ ಸಲ ಮೇಲೆ ನೀರು ಚಿಮುಕಿಸಿದಳು. ನೆನೆದ ತರಗು ಮಂತ್ರದ ಗಾಳಿಗೂ ಜಗ್ಗಲಿಲ್ಲ; ಹೊತ್ತು ಮುಳುಗುವ ಮೊದಲು ರಾಶಿ ಮುಗಿಯಿತು.

ಮೂರನೆಯ ದಿನ ಮಾಟಗಾರ ಮಂತ್ರಿಸಿ ತರಿಸಿದ್ದು ಹಸಿ ಸೊಪ್ಪು. ಒಳಗೆ ಕೈಯಿಟ್ಟರೆ ಸುಡುತ್ತಿತ್ತು. ಅಂಗೈಯೆಲ್ಲ ಬೊಬ್ಬೆ ಬಂತು. ಆದರೂ ತುಂಬಿದಳು, ಹೊತ್ತಳು, ಸುರಿದಳು. ಅವಳ ಅವ್ವ ಕಲಿಸಿದಂತೆ ಪ್ರತಿ ಗಿಡದ ಬುಡದ ಸುತ್ತ ಒಂದು ಗೇಣು ಬಿಟ್ಟು ಹರಡಿದಳು. ಸಂಜೆಗೆ ಒಂದೇ ಮಂಕರಿ ಉಳಿದಿತ್ತು.

ಆಗ ಮಾಟಗಾರ ಬಂದ. ತಾನು ಸೋಲುವುದು ಕಂಡು ಕೊಂಕು ತೆಗೆದ. "ಬುಡವೆಲ್ಲ ಬರಿದು! ಇದೂ ಒಂದು ಹಾಸೋದೇ? ಕಾಂಡಕ್ಕೆ ಒತ್ತಿ ಹಾಕು."

"ಬುಡಕ್ಕೆ ಗಾಳಿ ಬೇಕು ಬುದ್ಧಿ. ಕಾವಿರೋ ಸೊಪ್ಪು ಒತ್ತಿದ್ರೆ ಗಿಡ ಕೊಳೆತುಹೋಯ್ತದೆ."

"ನನಗೇ ಪಾಠ ಹೇಳ್ತೀಯಾ? ನಡುವಿರೋ ಆ ಕರಿ ದಾಳಿಂಬೆಯಲ್ಲಿ ನನ್ನ ಪ್ರಾಣ ಇದೆ. ಅದಕ್ಕೇ ಎಲ್ಲಕ್ಕಿಂತ ದಪ್ಪ ಹೊದಿಕೆ ಬೇಕು!"

ಅವನು ಹುಟ್ಟಿದಾಗಿನಿಂದ ಮಣ್ಣು ಮುಟ್ಟಿದವನಲ್ಲ. ದೇವೀರಿಗೆ ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. "ಇನ್ನೊಂದ್ಸಲ ಹೇಳ್ತೀನಿ ಬುದ್ಧಿ, ಬ್ಯಾಡ," ಅಂದಳು. ಅವನು ಕಾಲು ಅಪ್ಪಳಿಸಿದ. ಕೊನೆಯ ಮಂಕರಿಯನ್ನು ದಾಳಿಂಬೆಯ ಬುಡಕ್ಕೇ ಸುರಿದು ಒತ್ತಿದಳು.

ಮಂತ್ರದ ಸೊಪ್ಪಲ್ಲವೇ, ಆರು ತಿಂಗಳ ಕೊಳೆ ಅರೆಗಳಿಗೆಯಲ್ಲಿ ಆಯಿತು. ತೊಗಟೆ ಕಳಚಿತು, ಗಿಡ ಮಗುಚಿಕೊಂಡಿತು. ಅದರ ಜೊತೆ ಬಿದ್ದ ಮಾಟಗಾರ ಮತ್ತೆ ಏಳಲಿಲ್ಲ. ಇಪ್ಪತ್ತು ಎತ್ತುಗಳೂ ಮನುಷ್ಯರಾಗಿ, ಕೊಂಬಿದ್ದ ಜಾಗ ಸವರಿಕೊಳ್ಳುತ್ತಾ ನಿಂತರು.

ಜವರಯ್ಯ ಓಡಿ ಬಂದ. "ಏಳು ದೇವೀರಿ, ಮನೆಗೆ ಹೋಗಾಣ."

"ನನ್ ಕೈಲಾಗಲ್ಲ. ನೀನೇ ಹೊತ್ಕೊಂಡು ಹೋಗು."

ಅವನು ಹೊತ್ತುಕೊಂಡ. ಹಿತ್ತಲ ಬಾಗಿಲು ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು. ಬಿಡುಗಡೆಯಾದವರೆಲ್ಲ ತಂತಮ್ಮ ಮನೆ ಸೇರಿ ಸುಖವಾಗಿ ಬಾಳಿದರು. ದೇವೀರಿಯೂ ಬಾಳಿದಳು, ಎರಡು ದಿನ ಮಲಗಿ ಎದ್ದ ಮೇಲೆ.