ಅದುರುವ ನೆಲದ ಮೇಲೆ ಚದುರಂಗ

"ಮೇಷ್ಟ್ರೇ, ಇಸ್ಕೂಲ್‌ನಾಗೆ ಮಕ್ಕಳಿಗೆ ಜೂಜು ಕಲಿಸ್ತಿದ್ದೀರಂತೆ?"

ಆದಿನಾರಾಯಣನು ತಲೆಯೆತ್ತಿದನು. ಚಿನ್ನದ ಗಣಿಯೂರಾದ ಚಾಂಪಿಯನ್ ರೀಫ್ಸ್‌ನ ಆ ಶಾಲೆಯ ಜಗಲಿಯಲ್ಲಿ ಮಕ್ಕಳು ಜೋಡಿ ಜೋಡಿಯಾಗಿ ಕುಳಿತಿದ್ದರು. ಜೋಡಿಗೊಂದು ಚದುರಂಗದ ಮಣೆ. ಮೆಟ್ಟಿಲ ಕೆಳಗೆ ನಿಂತಿದ್ದವಳು ಹರೆಯದ ಹೆಣ್ಣು. ಬಿಸಿಲಲ್ಲಿ ಬಿರಬಿರನೆ ನಡೆದು ಬಂದ ಮುಖ ಕೆಂಪೇರಿತ್ತು. ಸೊಂಟಕ್ಕೆ ಬಿಗಿದ ಸೆರಗು ಜಗಳಕ್ಕೆ ಸಿದ್ಧವಾಗಿತ್ತು.

"ಜೂಜಲ್ಲ ತಾಯಿ, ಚದುರಂಗ."

"ಏನಾದ್ರೂ ಅನ್ನಿ. ನಮ್ಮ ಗಣಿ ಲೈನ್‌ನಾಗೆ ಗಂಡಸರು ಇಸ್ಪೀಟೆಲೆ ಆಡಿ ದುಡ್ಡು ಕಳ್ಕೊಂಡಿದ್ದು ಸಾಲ್ದಾ? ನಮ್ಮ ಕನಕಂಗೂ ಅಂಟಿಸ್ಬೇಕಾ?"

"ಇಲ್ಲಿ ಕಳೆದುಕೊಳ್ಳುವುದು ಆನೆ, ಕುದುರೆಗಳನ್ನು ಮಾತ್ರ. ಆಟ ಮುಗಿದರೆ ಅವೂ ಲಾಯಕ್ಕೆ ಮರಳುತ್ತವೆ."

ಮಕ್ಕಳು ಕಿಸಕ್ಕೆಂದರು. ಅವಳ ತುಟಿಯಂಚಿನಲ್ಲಿಯೂ ನಗೆಯೊಂದು ಮೂಡಿತು. ಅವಳು ಅದನ್ನು ಬಲವಂತದಿಂದ ನುಂಗಿದಳು. ನುಂಗಿದ್ದನ್ನು ಅವನು ಕಂಡನು. ಅವನ ಅಶಾಂತಿಗೆ ಅದೇ ನಾಂದಿಯಾಯಿತು.

ಅದು ಐವತ್ತೆಂಟನೆಯ ಇಸವಿ. ಆದಿನಾರಾಯಣನು ಬಂಗಾರಪೇಟೆಯವನು, ಬಾಲ್ಯದಲ್ಲಿಯೇ ಸಂಸ್ಕೃತ ಪಾಠಶಾಲೆ ಸೇರಿ, ಕಾವ್ಯ ವ್ಯಾಕರಣಗಳನ್ನು ಓದಿ, ಈ ಶಾಲೆಗೆ ಕನ್ನಡ ಪಂಡಿತನಾಗಿ ಬಂದಿದ್ದನು. ಬೆಳಗಿನ ಪೂಜೆ ಮುಗಿಸಿ ರೈಲು ಹತ್ತಿ ಬರುವನು, ಸಂಜೆ ಅದೇ ರೈಲಿನಲ್ಲಿ ಮರಳುವನು. ಬಂದವನಿಗೆ ಮೊದಲು ಕಂಡದ್ದು ಮಕ್ಕಳ ಕಣ್ಣಿನ ಚಾಂಚಲ್ಯ. ಇಲ್ಲಿ ಭೂಮಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನೆಲ ಅದುರುತ್ತದೆ, ಪಾತ್ರೆಗಳು ಗಲಗಲಿಸುತ್ತವೆ. ಅಪ್ಪಂದಿರೆಲ್ಲ ಆ ಆಳದಲ್ಲಿ. ಪುಸ್ತಕದಲ್ಲಿ ಮನಸ್ಸು ನಿಲ್ಲುವುದಾದರೂ ಹೇಗೆ?

ಆದುದರಿಂದ ಅವನು ಚದುರಂಗವನ್ನು ತಂದನು. ಕಾಯಿ ಮುಟ್ಟುವ ಮೊದಲು ಕೈಗಳು ಮಡಿಲಲ್ಲಿರಬೇಕು. ಎದುರಾಳಿ ಏನು ಮಾಡುವನೆಂದು ಮನಸ್ಸಿನಲ್ಲಿಯೇ ಆಡಿ ನೋಡಬೇಕು. ನೆಲ ಅದುರಿ ಕಾಯಿಗಳು ಉರುಳಿದರೆ ಯಾರೂ ಏಳಕೂಡದು. ಯಾವುದು ಎಲ್ಲಿತ್ತೆಂದು ನೆನೆದು ಮತ್ತೆ ನಿಲ್ಲಿಸಬೇಕು.

ಕನಕಳು ಎಲ್ಲರಿಗಿಂತ ಅಂಜುಬುರುಕಿ. ಅವಳ ತಂದೆ ಗಣಿಯಲ್ಲಿಯೇ ತೀರಿಕೊಂಡಿದ್ದನು. ನೆಲ ಸ್ವಲ್ಪ ಕಂಪಿಸಿದರೂ ಸ್ಲೇಟನ್ನು ಎಸೆದು, ಗಣಿಯೊಳಕ್ಕೆ ಇಳಿಸುವ ಶಾಫ್ಟ್‌ನ ಗೇಟಿಗೆ ಓಡುತ್ತಿದ್ದಳು. ಜಗಳಕ್ಕೆ ಬಂದವಳು ಅವಳ ಸೋದರತ್ತೆ, ಗಣಿಯಾಳು ಮುನಿಸ್ವಾಮಪ್ಪನ ಮಗಳು ಗಂಗರತ್ನ.

ಜಗಳಕ್ಕೆ ಬಂದವಳು ಮರುದಿನ ಕಾವಲಿಗೆ ಬಂದಳು. ಅದರ ಮರುದಿನ ಹೊಲಿಗೆ ತಂದಳು. ವಾರ ಕಳೆಯುವುದರೊಳಗೆ ಮಣೆಯ ಮುಂದೆಯೇ ಕುಳಿತಳು.

ಉಪಾಸಕನು ದೇವರ ಮುಖವನ್ನು ನೋಡಲಂಜಿ ಪಾದಗಳಲ್ಲಿಯೇ ಕಣ್ಣನ್ನು ನಿಲ್ಲಿಸುವಂತೆ, ಆದಿನಾರಾಯಣನು ಅವಳ ಕೈಬಳೆಗಳನ್ನಷ್ಟೇ ನೋಡುತ್ತಿದ್ದನು. ಹಸಿರು ಗಾಜಿನ ಬಳೆಗಳು. ಕಾಯಿ ಎತ್ತುವಾಗ ಅವು ಮೊಣಕೈಯತ್ತ ಜಾರುತ್ತಿದ್ದವು, ಇಡುವಾಗ ಮಣಿಕಟ್ಟಿಗೆ ಮರಳುತ್ತಿದ್ದವು. ಆ ಸಣ್ಣ ಪ್ರಯಾಣದಲ್ಲಿ ಅವನ ಚಿತ್ತವೂ ಹೋಗಿ ಬರುತ್ತಿತ್ತು. ಏಕಾಗ್ರತೆಯನ್ನು ಬೋಧಿಸುವವನ ಪಾಡು ಇದು!

"ಸುಮ್ ಸುಮ್ನೆ ಸೋಲ್ತಿದ್ದೀರಾ ಮೇಷ್ಟ್ರೇ. ನಂಗೇನು ಕಣ್ಣಿಲ್ವಾ? ಮಂತ್ರೀನ ತಂದು ನನ್ನ ಆನೆ ಬಾಯಿಗೇ ಕೊಟ್ರಲ್ಲ."

"ಬಳೆಯ ಸದ್ದಾಯಿತು. ಲೆಕ್ಕ ತಪ್ಪಿತು."

"ಅಂಗಾದ್ರೆ ನಾಳೆಯಿಂದ ಕೈಗೆ ಸೆರಗು ಸುತ್ಕೊಂಡು ಬತ್ತೀನಿ."

"ಬೇಡ!"

ಆ ಮಾತು ಎಷ್ಟು ಬೇಗ ಹೊರಟಿತೆಂದರೆ ಮಕ್ಕಳೆಲ್ಲರೂ ಒಮ್ಮೆಗೇ ತಿರುಗಿ ನೋಡಿದರು. ಗಂಗರತ್ನಳು ತಲೆ ಬಗ್ಗಿಸಿ ನಕ್ಕಳು. ಆ ನಗೆ ಕಿವಿಯ ಓಲೆಯವರೆಗೂ ಹಬ್ಬಿತು.

ಬೇಸಿಗೆ ಏರುತ್ತಿದ್ದಂತೆ ಅವನಿಗೆ ರಾತ್ರಿಗಳು ಉದ್ದವಾದವು, ರೈಲು ನಿಧಾನವಾಯಿತು, ಜಪದ ಮಣಿಗಳು ಬೆರಳಿಗೆ ಸಿಕ್ಕದಾದವು. ಬಂಗಾರಪೇಟೆಯ ಶಾಲೆಗೆ ಹಿಂದೆಯೇ ವರ್ಗ ಕೇಳಿದ್ದನು, ಅದು ಈಗ ಒದಗಿತು. ಇನ್ನು ತಡೆಯಲಾರದೆ, ಒಂದು ಮಧ್ಯಾಹ್ನ ಮಕ್ಕಳು ನೀರು ಕುಡಿಯಲು ಹೋದಾಗ, ಮಣೆಯನ್ನು ನೋಡುತ್ತಲೇ ಮಾತು ತೆಗೆದನು.

"ನನ್ನ ತಾಯಿ ಹೆಣ್ಣು ಕೇಳಲು ನಿಮ್ಮ ಮನೆಗೆ ಬರಬೇಕೆಂದಿದ್ದಾರೆ. ನೀವು ಒಪ್ಪಿದರೆ. ಬಂಗಾರಪೇಟೆಯಲ್ಲಿ ನಮ್ಮದೇ ಮನೆ, ಬಾವಿ, ಹೂವಿನ ಗಿಡಗಳು. ನೆಲ ಎಂದಿಗೂ ಅದುರುವುದಿಲ್ಲ ಗಂಗರತ್ನ. ನೀವು ನಿಶ್ಚಿಂತೆಯಾಗಿ ಇರಬಹುದು."

ಅವಳ ಮುಖ ಅರಳಿತು, ಅರಳಿದಂತೆಯೇ ಮುದುಡಿತು.

"ಅಪ್ಪ ಇನ್ನೂ ಕೆಳಗೆ ಇಳೀತಾ ಅವ್ನಲ್ಲ ಮೇಷ್ಟ್ರೇ."

"ಅದಕ್ಕೆಂದೇ ಹೇಳಿದೆ. ಇಲ್ಲಿಯ ಭಯವೆಲ್ಲ ಅಲ್ಲಿಲ್ಲ."

"ಅಲ್ಲಿ ನೆಲ ಅದುರಲ್ಲ, ನಿಜ. ಇಲ್ಲಿ ಅದುರಿದ್ದು ಅಲ್ಲಿ ನಂಗೆ ತಿಳಿಯೋದೂ ಇಲ್ಲ. ಅಣ್ಣ ಸತ್ತೋದಾಗ ಗೇಟಿನಾಗೆ ನಾನಿದ್ದೆ. ಅಪ್ಪಂಗೂ ನಾನಿರ್ಬೇಕು. ಮಲ್ಲಿಗೆ ಗಿಡಕ್ಕೆ ನೀರಾಕ್ತಾ ಕೂತ್ಕೊಳಾ?"

ಅವಳು ಹೊಲಿಗೆಯನ್ನು ಮಡಚಿಕೊಂಡು ಎದ್ದಳು.

"ನಿಮ್ಮ ಮ್ಯಾಲೆ ಆಸೆ ಇಲ್ಲ ಅಂತಲ್ಲ," ಎಂದು ಮೆಟ್ಟಿಲಿಳಿಯುತ್ತ, ಅವನತ್ತ ನೋಡದೆ ಹೇಳಿದಳು. "ಅದು ಇರೋದೇ ಕಷ್ಟ ಆಗೈತೆ."

ಆ ವಾರವಿಡೀ ಅವಳು ಜಗಲಿಗೆ ಬರಲಿಲ್ಲ. ಕನಕಳನ್ನು ಬಿಟ್ಟು ಬೇಲಿಯಾಚೆಯಿಂದಲೇ ತಿರುಗಿ ಹೋಗುತ್ತಿದ್ದಳು. ಅವನು ಆಡಿಸುತ್ತಿದ್ದನು, ತಿದ್ದುತ್ತಿದ್ದನು. ಕಣ್ಣು ಮಾತ್ರ ಬೇಲಿಯ ಮೇಲೆ. ಆಸೆಯಿದೆ ಎಂದವಳನ್ನು ಅಗಲುವುದು, ಇಲ್ಲವೆಂದವಳನ್ನು ಅಗಲುವುದಕ್ಕಿಂತ ದುಸ್ಸಹವೆಂಬುದು ಅವನಿಗೆ ಅರಿವಾಯಿತು.

ಶಾಲೆಯಲ್ಲಿ ಅವನ ಕೊನೆಯ ಶನಿವಾರ ಬಂದಿತು. ಗಂಗರತ್ನಳು ಬೇಲಿಯ ಬಳಿ ಬಂದು, ಹೋಗದೆ ನಿಂತಿದ್ದಳು. ಆಗ ನೆಲ ಅದುರಿತು. ಎಂದಿನ ಸಣ್ಣ ನಡುಕವಲ್ಲ. ಹಂಚುಗಳು ಕಟಕಟನೆ ಕುಣಿದವು, ಕಪ್ಪುಹಲಗೆ ಗೋಡೆಯಿಂದ ಕಳಚಿತು, ರಾಜ ಮಂತ್ರಿ ಕಾಲಾಳುಗಳೆಲ್ಲ ಒಟ್ಟಿಗೆ ಉರುಳಿದವು.

ಯಾವ ಮಗುವೂ ಏಳಲಿಲ್ಲ. ಕನಕಳ ತುಟಿ ಅದುರುತ್ತಿತ್ತು, ಕೈಗಳು ಮಡಿಲಲ್ಲಿದ್ದವು. ಕಣ್ಣು ಮುಚ್ಚಿ, ತೆರೆದು, ಮೊದಲು ಕುದುರೆಯನ್ನೆತ್ತಿ ಅದರ ಮನೆಯಲ್ಲಿ ನಿಲ್ಲಿಸಿದಳು.

ಬೇಲಿಯ ಬಳಿ ಯಾರೂ ಇರಲಿಲ್ಲ. ಗಂಗರತ್ನಳ ಸೀರೆಯ ಅಂಚು ಶಾಫ್ಟ್‌ನ ದಾರಿಯಲ್ಲಿ ಮರೆಯಾಗುತ್ತಿತ್ತು.

ಆದಿನಾರಾಯಣನು ಎದ್ದನು.

"ಮೇಷ್ಟ್ರೇ! ನೀವೇ ಎದ್ಬಿಟ್ರಾ?" ಎಂದಳು ಕನಕ. "ಏಳಬಾರ್ದು ಅಂದಿದ್ದು ನೀವೇ ಅಲ್ವಾ?"

"ನಾನೇ ಕಣಮ್ಮ. ಇವತ್ತು ನನ್ನ ಜಾಗದಲ್ಲಿ ನೀನು ಕೂತು ಆಡಿಸು. ಹೆಡ್‌ಮೇಷ್ಟರು ಒಳಗಿದ್ದಾರೆ."

ಮಗು ಒಂದು ಗಳಿಗೆ ಯೋಚಿಸಿ, ಲಂಗ ಸರಿಪಡಿಸಿಕೊಂಡು ಅವನ ಚಾಪೆಯ ಮೇಲೆ ಕುಳಿತಳು. "ಏಯ್, ಯಾರೂ ಮಾತಾಡ್ಬಾರ್ದು ಕಣ್ರಲಾ! ಕಾಯಿ ನಿಲ್ಸಿ," ಎಂಬ ಅವಳ ಸ್ವರ ಅವನ ಬೆನ್ನ ಹಿಂದೆ ಕೇಳಿಸಿತು. ಅವನು ಪಂಚೆಯನ್ನೆತ್ತಿ ಓಡುತ್ತಿದ್ದನು.

ಗೇಟಿನಲ್ಲಿ ಹೆಂಗಸರು ಒತ್ತಾಗಿ ನಿಂತಿದ್ದರು. ಅಳುವಿಲ್ಲ, ಮಾತಿಲ್ಲ, ಎಲ್ಲರ ಕಣ್ಣು ಗಣಿಯಾಳುಗಳನ್ನು ಹೊತ್ತು ಕೇಜ್ ಮೇಲೇರಿ ಬರುವ ಕಡೆಗೆ. ಮುಂಚೂಣಿಯಲ್ಲಿ, ಕಂಬಿಯನ್ನು ಹಿಡಿದ ಹಸಿರು ಬಳೆಗಳು. ಅವನು ನುಸುಳಿಕೊಂಡು ಹೋಗಿ ಪಕ್ಕದಲ್ಲಿ ನಿಂತನು. ಅವಳು ತಿರುಗಿ ನೋಡಲಿಲ್ಲ.

ಕಾವಲುಗಾರ ಪೆರುಮಾಳ್ ಕೋಲಿನಿಂದ ಕಂಬಿಯನ್ನು ತಟ್ಟಿದನು.

"ಸಾರ್, ನೀವು ಈ ಕಡೆ ಬನ್ನಿ. ಇಲ್ಲಿ ಸೊಂತದವರು, ಮನೆಯೋರು ಮಾತ್ರ. ಕೆಳಗೆ ನಿಮ್ಮೋರು ಯಾರವ್ರೆ?"

ಅಸತ್ಯವನ್ನು ನುಡಿದು ಅಭ್ಯಾಸವಿಲ್ಲದ ನಾಲಗೆ ಅದು. ಆದಿನಾರಾಯಣನು ಒಮ್ಮೆ ಉಸಿರೆಳೆದುಕೊಂಡನು.

"ನಮ್ಮ ಮಾವನವರು. ಮುನಿಸ್ವಾಮಪ್ಪ."

ಹೆಂಗಸರೆಲ್ಲ ತಿರುಗಿದರು. ಗಂಗರತ್ನಳು ಮಾತ್ರ ಕೇಜಿನತ್ತಲೇ ನೋಡುತ್ತಿದ್ದಳು. ಹಾಗೆಯೇ ಮೆಲ್ಲನೆ ಕೇಳಿದಳು:

"ಯಾವಾಗಿಂದ?"

"ಈಗಿನಿಂದ. ವರ್ಗ ಬೇಡವೆಂದು ಬರೆದುಕೊಡುತ್ತೇನೆ. ಅವರು ಕೆಳಗೆ ಇಳಿಯುವಷ್ಟು ಕಾಲವೂ ನಾವು ಇಲ್ಲಿಯೇ."

"ನಿಮ್ಮ ಬಾವಿ? ಊವಿನ ಗಿಡ?"

"ಅಮ್ಮ ನೋಡಿಕೊಳ್ಳುತ್ತಾರೆ. ಭಾನುವಾರ ಹೋಗಿ ಬರೋಣ."

ಕಂಬಿಯ ಮೇಲಿದ್ದ ಅವನ ಕೈಯ ಪಕ್ಕಕ್ಕೆ ಅವಳ ಕೈ ಸರಿದು ಬಂದಿತು. ನಡುವೆ ಒಂದು ಬಳೆಯಷ್ಟೇ ಅಂತರ. ಹಾಗೆಯೇ ನಿಂತರು. ಮನಸ್ಸಿನೊಳಗೆ ಅವನು ದೇವರ ನೂರೆಂಟು ನಾಮಗಳನ್ನು ಹೇಳತೊಡಗಿ, ನಡುವೆ ಮರೆತು, ಮತ್ತೆ ಮೊದಲಿನಿಂದ ತೊಡಗಿದನು.

ಕಡೆಗೆ ಕೇಜ್ ಮೇಲೆ ಬಂದಿತು. ಧೂಳು ಮೆತ್ತಿದ ಗಂಡಸರ ನಡುವೆ, ಊಟದ ಡಬ್ಬಿಯನ್ನು ಎದೆಗವಚಿಕೊಂಡು, ಮುನಿಸ್ವಾಮಪ್ಪ ಕುಂಟುತ್ತ ಹೊರಬಂದನು. ಮಗಳನ್ನು ಕಂಡನು, ಅವಳ ಪಕ್ಕದ ಬಿಳಿ ಪಂಚೆಯನ್ನೂ ಕಂಡನು.

"ಯಾರ್ಲಾ ಪೆರುಮಾಳು ಇವ್ರು?"

"ನಿನ್ ಅಳಿಯನಂತೆ ಕಣಪ್ಪಾ! ಮಗಳ ಮದುವೆ ಮಾಡ್ಬಿಟ್ಟು ನಮಗೆ ಊಟ ಆಕಿಲ್ವಲ್ಲ ನೀನು!"

ಮುದುಕನು ಕಣ್ಣಿನ ಧೂಳನ್ನು ಒರೆಸಿಕೊಂಡು ಮಗಳ ಮುಖವನ್ನು ನಿಟ್ಟಿಸಿದನು. "ಅಂಗೇನವ್ವಾ?"

ಗಂಗರತ್ನಳು ಅಪ್ಪನ ಕೈಯಿಂದ ಡಬ್ಬಿಯನ್ನು ಇಸಿದುಕೊಂಡಳು. ಸೆರಗಿನಿಂದ ಅದರ ಮಣ್ಣನ್ನು ಒರೆಸಿ, ಮೊದಲ ಬಾರಿಗೆ ಆದಿನಾರಾಯಣನ ಕಣ್ಣಲ್ಲಿ ಕಣ್ಣಿಟ್ಟು, ಅವನ ಕೈಗೆ ಕೊಟ್ಟಳು.

"ಇಡ್ಕೊಳ್ಳಿ. ನಿಮ್ಮ ಮಾವಂದು. ಮನೆವರೆಗೂ ನೀವೇ ತರ್ಬೇಕು."