ಸಂಸಾರಸ್ಥರಿಗೆ ಮಾತ್ರ

“ಹೆಂಡ್ತಿ ಎಲ್ಲಿ?”

ಮುತ್ಯಾಲಮ್ಮ ಅವನನ್ನು ಕೇಳಿದ ಮೊಟ್ಟಮೊದಲ ಮಾತು ಇದು.

ಅವನು ಹೆಗಲ ಮೇಲಿನ ಟ್ರಂಕನ್ನು ಇನ್ನೂ ಇಳಿಸಿರಲಿಲ್ಲ. ಪ್ರಶ್ನೆ ಕಿವಿಗೆ ಬಿದ್ದದ್ದೇ ಒಮ್ಮೆ ಹಿಂತಿರುಗಿ ಬೀದಿಯ ಉದ್ದಕ್ಕೂ ನೋಡಿದ... ಇಷ್ಟು ಹೊತ್ತೂ ಜೊತೆಯಲ್ಲಿದ್ದವಳು ಎಲ್ಲೋ ಹಿಂದೆ ಉಳಿದಿರಬೇಕು ಎನ್ನುವಂತೆ!

“ಊರಲ್ಲಿದಾಳೆ,” ಎಂದ. “ಮುಂದಿನ ತಿಂಗಳು ಬರ್ತಾಳೆ.”

ಅವನ ಕಣ್ಣು ಮುತ್ಯಾಲಮ್ಮನಿಗೆ ಹಿಡಿಸಿತು. ಉತ್ತರ ಹಿಡಿಸಲಿಲ್ಲ. ಯಾಕೆ ಹಿಡಿಸಲಿಲ್ಲ ಎಂದು ಅವಳಿಗೇ ತಿಳಿಯಲಿಲ್ಲ. ಬೇರೆಯವರ ಹೆಂಡತಿ ಊರಲ್ಲಿದ್ದರೆ ತನಗೇನು ಕಷ್ಟ?

ಸಾವಿರದ ಒಂಬೈನೂರ ಮೂವತ್ತೆಂಟರ ಮುಳಬಾಗಿಲಿನಲ್ಲಿ ಬಾಡಿಗೆ ಮನೆ ಹುಡುಕುವುದಕ್ಕೆ ಒಂದು ಕ್ರಮವಿತ್ತು. ಬಸ್ಸಿಳಿದವನು ಮೊದಲು ಹೋಟೆಲಿನಲ್ಲಿ ಕಾಫಿ ಕುಡಿಯಬೇಕು. ಹೋಟೆಲಿನವನು ಕ್ಷೌರದ ಅಂಗಡಿಗೆ ಕಳಿಸುತ್ತಾನೆ. ಯಾವ ಬೀದಿಯಲ್ಲಿ ಯಾವ ಮನೆಗೆ ಬೀಗ ಬಿದ್ದಿದೆ ಎಂಬುದು ಗೊತ್ತಿರುವುದು ಅಲ್ಲಿ. ಆಮೇಲೆ ಒಂದೊಂದು ಜಗಲಿಯ ಮುಂದೆ ನಿಂತು ಊರು, ಜನ, ನೌಕರಿ, ಸಂಬಳ ಎಲ್ಲವನ್ನೂ ಒಪ್ಪಿಸಬೇಕು. ಮನೆ ಹೇಗಿದೆ ಎಂದು ಬಂದವನು ಕೇಳುವ ಪದ್ಧತಿ ಇರಲಿಲ್ಲ. ಬಂದವನು ಹೇಗಿದ್ದಾನೆ ಎಂದು ಮನೆಯೇ ಕೇಳುತ್ತಿತ್ತು.

ಒಂಟಿ ಗಂಡಸಿಗೆ ಮಾತ್ರ ಎಲ್ಲ ಜಗಲಿಗಳೂ ಒಂದೇ ಉತ್ತರ ಕೊಡುತ್ತಿದ್ದವು.

ಈ ಮನೆ ಆವಲಮ್ಮನದು. ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆ, ಹಿತ್ತಲಲ್ಲಿ ಎರಡಕ್ಕೂ ಸೇರಿ ಒಂದೇ ಬಾವಿ. ಒಂದರಲ್ಲಿ ಆವಲಮ್ಮ ತಂದೆತಾಯಿಯಿಲ್ಲದ ಮೊಮ್ಮಗಳು ಮುತ್ಯಾಲಮ್ಮನನ್ನು ಇಟ್ಟುಕೊಂಡು ವಾಸವಾಗಿದ್ದಳು. ಇನ್ನೊಂದು ಬಾಡಿಗೆಗೆ. ಬಂದವರನ್ನು ಮೊದಲು ವಿಚಾರಿಸುವುದು ಮೊಮ್ಮಗಳ ಕೆಲಸ, ಒಪ್ಪುವುದು ಅಜ್ಜಿಯ ಕೆಲಸ. ಮುತ್ಯಾಲಮ್ಮ ಅಜ್ಜಿಯನ್ನು ‘ಅವ್ವ’ ಎಂದೇ ಕರೆಯುತ್ತಿದ್ದಳು. ಅವಳನ್ನು ನೋಡಲು ಬಂದ ಗಂಡುಗಳನ್ನೂ ಅವ್ವ ಬಾಡಿಗೆಗೆ ಬಂದವರಂತೆಯೇ ವಿಚಾರಿಸಿ ವಾಪಸು ಕಳಿಸಿದ್ದರಿಂದ, ಇಪ್ಪತ್ತು ತುಂಬಿದರೂ ಮದುವೆಯಾಗಿರಲಿಲ್ಲ.

ಬಂದವನ ಹೆಸರು ಕದಿರೇಶ. ರೇಷ್ಮೆ ಇಲಾಖೆಯಲ್ಲಿ ಕೆಲಸ. ಹಳ್ಳಿ ಸುತ್ತಿ ಹುಳ ಸಾಕುವವರಿಗೆ ಬುದ್ಧಿ ಹೇಳಬೇಕು. ಊರು ಮಾಲೂರು, ಜನ ಇವರದೇ ಜನ. ಮನೆಯೊಳಗೆ ಹುಳ ಸಾಕಕೂಡದು ಎಂದು ಅವ್ವ ಕಟ್ಟುನಿಟ್ಟಾಗಿ ಹೇಳಿ, ಹೆಂಡತಿಯ ಹೆಸರೇನು ಎಂದು ಕೇಳಿದಳು.

ಅವನು ಸ್ವಲ್ಪ ತಡೆದು, ಶಾಮಲಮ್ಮ ಎಂದ.

ಬೀಗದ ಕೈಯನ್ನು ಅವನ ಅಂಗೈಗೆ ಹಾಕುವಾಗ ಮುತ್ಯಾಲಮ್ಮ ಮನಸ್ಸಿನಲ್ಲೇ ಆ ಹೆಸರನ್ನು ಒಂದು ಸಲ ಹೇಳಿಕೊಂಡಳು. ಚೆನ್ನಾಗಿತ್ತು. ಅದೇ ಬೇಜಾರು.

ಮುಂದಿನ ತಿಂಗಳು ಬಂತು, ಶಾಮಲಮ್ಮ ಬರಲಿಲ್ಲ.

ಆಷಾಢ ಎಂದ ಕದಿರೇಶ. ಆಷಾಢದಲ್ಲಿ ಹೊಸ ಹೆಂಡತಿ ಗಂಡನ ಮನೆಗೆ ಬರುವುದುಂಟೇ? ಅವ್ವ ಒಪ್ಪಿದಳು. ಶ್ರಾವಣದಲ್ಲಿ ಆಕೆಯ ತವರಿನಲ್ಲಿ ವ್ರತ. ಭಾದ್ರಪದದಲ್ಲಿ ಹಬ್ಬ ಮುಗಿಯುವಷ್ಟರಲ್ಲಿ ಪಿತೃಪಕ್ಷ. ಹೆಂಡತಿ ಬರಬಾರದ ದಿನಗಳು ಪಂಚಾಂಗದಲ್ಲಿ ಇಷ್ಟೊಂದಿವೆ ಎಂದು ಅದನ್ನು ಬರೆದವರಿಗೂ ಗೊತ್ತಿರಲಾರದು.

ಆದರೆ ಹೆಂಡತಿ ಇಲ್ಲವೆನ್ನುವ ಹಾಗೂ ಇರಲಿಲ್ಲ. ಪ್ರತಿ ಶನಿವಾರ ಅವನು ಬೆಳಗ್ಗೆಯೇ ಹಳ್ಳಿಗೆ ಹೊರಡುವ ಮುಂಚೆ, ಪೋಸ್ಟಿನವನು ಬಂದರೆ ಕೊಡಿ ಎಂದು ಮುತ್ಯಾಲಮ್ಮನ ಕೈಗೆ ಒಂದು ಕಾರ್ಡು ಕೊಟ್ಟು ಹೋಗುತ್ತಿದ್ದ. ಮೇಲೆ ವಿಳಾಸ... ಶಾಮಲಮ್ಮ, ಹೆಂಚಿನ ಕಾರ್ಖಾನೆ ಹಿಂದೆ, ಮಾಲೂರು.

ಬರೆದ ಮಗ್ಗುಲನ್ನು ಅವಳು ಒಮ್ಮೆಯೂ ತಿರುಗಿಸಿ ನೋಡಲಿಲ್ಲ. ಲೋವರ್ ಸೆಕೆಂಡರಿ ಪಾಸಾದ ಹುಡುಗಿಗೆ ಇದು ಸಣ್ಣ ತಪಸ್ಸಲ್ಲ. ನೋಡಿದ್ದರೆ ಈ ಕಥೆ ಮೊದಲನೇ ಶನಿವಾರವೇ ಮುಗಿಯುತ್ತಿತ್ತು.

ಸಂಜೆಯ ಹೊತ್ತು ಅವ್ವ ಜಗಲಿಯಲ್ಲಿ ಕೂತು ಅವನ ಸಂಸಾರ ವಿಚಾರಿಸುತ್ತಿದ್ದಳು. ನಿನ್ನ ಹೆಂಡತಿ ಹೇಗೆ, ಜೋರೋ ಸಾಧುವೋ? ಕದಿರೇಶ ಹಿತ್ತಲ ಕಡೆ ನೋಡುತ್ತಾ ಯೋಚಿಸಿ ಯೋಚಿಸಿ ಹೇಳುತ್ತಿದ್ದ. ಬಾವಿಯ ಹಗ್ಗ ಸಿಕ್ಕಿಕೊಂಡರೆ ಹಗ್ಗಕ್ಕೇ ಬುದ್ಧಿ ಹೇಳುತ್ತಾಳಂತೆ. ಕೋಪ ಬಂದರೆ ಪಾತ್ರೆಯನ್ನು ಕುಕ್ಕುತ್ತಾಳಂತೆ. ಆಮೇಲೆ ಪಾಪ ಅನ್ನಿಸಿ ಅದನ್ನೇ ಎತ್ತಿ ಮತ್ತೆ ಮೆತ್ತಗೆ ಇಡುತ್ತಾಳಂತೆ.

ಒಳಗೆ ಪಾತ್ರೆ ಹಿಡಿದಿದ್ದ ಮುತ್ಯಾಲಮ್ಮನ ಕೈ ಹಾಗೇ ನಿಂತಿತು.

‘ಇದೇನಿದು... ನಾನೂ ಹಾಗೇ ಮಾಡ್ತೀನಲ್ಲ? ಎಲ್ಲ ಹೆಂಗಸರೂ ಹಾಗೇನಾ?’

ರಾತ್ರಿಯೆಲ್ಲ ಯೋಚಿಸಿ ಅವಳು ಒಂದು ತೀರ್ಮಾನಕ್ಕೆ ಬಂದಳು. ತಾನು ಆಕೆಯ ಹಾಗೆ ಇದ್ದೇನೆ. ಅದಕ್ಕೇ ಅವನು ಬಾವಿಕಟ್ಟೆಯಲ್ಲಿ ತನ್ನನ್ನು ಅಷ್ಟು ಹೊತ್ತು ನೋಡುವುದು. ಅವನು ನೋಡುವುದು ತನ್ನನ್ನಲ್ಲ... ಮಾಲೂರಿನಲ್ಲಿ ಇರುವವಳನ್ನು.

ಬಹಳ ಬುದ್ಧಿವಂತಿಕೆಯ ತೀರ್ಮಾನ. ಪೂರ್ತಿ ತಪ್ಪು. ಆದರೆ ಆ ರಾತ್ರಿ ಅವಳ ದಿಂಬು ಒದ್ದೆಯಾದದ್ದು ಮಾತ್ರ ನಿಜ.

ಪಿತೃಪಕ್ಷದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಯಲ್ದೂರಿನ ಮಾವಿನ ತೋಟದವರು ಮುತ್ಯಾಲಮ್ಮನನ್ನು ನೋಡಲು ಪಕ್ಷ ಕಳೆದ ಮೊದಲ ಶುಕ್ರವಾರ ಬರುತ್ತಾರೆ. ಈ ಸಲ ಅವ್ವ ವಿಚಾರಿಸಿ ಆಗಿತ್ತು, ಒಪ್ಪಿಯೂ ಆಗಿತ್ತು. ಇನ್ನೊಂದು, ತಾಲ್ಲೂಕು ಕಚೇರಿಯ ಗುಮಾಸ್ತ ಚನ್ನರಾಯಪ್ಪ ಪಕ್ಕದ ಮನೆ ಕೇಳಿದ್ದಾನೆ. ಹೆಂಡತಿ, ಐದು ಮಕ್ಕಳು, ಎಲ್ಲರೂ ಕಣ್ಣಿಗೆ ಕಾಣುವ ಸಂಸಾರ.

ಅವ್ವ ಕದಿರೇಶನನ್ನು ಕರೆದಳು.

“ನೋಡು ನಾಯ್ನಾ, ಗುರುವಾರದೊಳಗೆ ನಿನ್ನ ಹೆಂಡ್ತಿ ಬರ್ಬೇಕು. ಇಲ್ಲಾಂದ್ರೆ ಬೀಗ ಕೊಟ್ಬಿಡು. ಬೀದಿಯೋರು ಕೇಳ್ತಾವ್ರೆ, ನಾನೇನಂತ ಹೇಳ್ಲಿ?”

ಅವನು ತಲೆಯಾಡಿಸಿದ. ಬರುತ್ತಾಳೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಶುಕ್ರವಾರ ತನ್ನನ್ನು ಒಪ್ಪಿಸಿಬಿಡುತ್ತಾರೆ, ಗುರುವಾರ ಅವನು ಹೋಗಿಬಿಡುತ್ತಾನೆ. ಮುತ್ಯಾಲಮ್ಮನಿಗೆ ಯಾವುದಕ್ಕೆ ಮೊದಲು ಅಳಬೇಕೋ ತಿಳಿಯಲಿಲ್ಲ. ಹೆಂಡತಿ ಬಂದರೆ ಅವನು ಉಳಿಯುತ್ತಾನೆ, ಆದರೆ ಹೆಂಡತಿ ಬಂದಿರುತ್ತಾಳೆ. ಬರದಿದ್ದರೆ ಅವನೇ ಇರುವುದಿಲ್ಲ. ಮೂರನೆಯ ದಾರಿ ಹುಡುಕಿದಳು, ಇರಲಿಲ್ಲ.

ಕೊನೆಗೆ ಅವಳು ಮಾಡಿದ ಕೆಲಸ ಪ್ರೀತಿಸುವವರು ಮಾತ್ರ ಮಾಡುವಂಥದು. ಶಾಮಲಮ್ಮನಿಗೆ ತಾನೇ ಕಾಗದ ಬರೆದಳು. ಅಕ್ಕಾ, ದಯವಿಟ್ಟು ಬನ್ನಿ. ನಿಮ್ಮ ಯಜಮಾನರು ಬರೀ ಅನ್ನ ಮಜ್ಜಿಗೆ ಉಂಡು ಬಡವಾಗಿದ್ದಾರೆ. ನೀವು ಬರದಿದ್ದರೆ ಅವರಿಗೆ ಮನೆ ತಪ್ಪಿಹೋಗುತ್ತದೆ. ಬಾವಿ ನೀರು ಸಿಹಿಯಾಗಿದೆ.

ಬುಧವಾರ ಉತ್ತರ ಬಂತು. ಮುತ್ಯಾಲಮ್ಮ ಬಾವಿಕಟ್ಟೆಯ ಮೇಲೆ ಕೂತು ಅದನ್ನು ನಾಲ್ಕು ಸಲ ಓದಿದಳು.

‘ಚಿ. ಸೌ. ಮುತ್ಯಾಲಮ್ಮನಿಗೆ ಆಶೀರ್ವಾದಗಳು. ನಿನ್ನ ಕಾಗದ ಓದಿ ನಮ್ಮ ಯಜಮಾನರು ಇನ್ನೂ ನಗುತ್ತಿದ್ದಾರೆ. ಕದಿರೇಶ ನನ್ನ ಒಡಹುಟ್ಟಿದ ತಮ್ಮ. ಅವನಿಗೆ ಮದುವೆಯಾಗಿಲ್ಲ. ನಮಗೆ ಹೇಳದೆ ಆಗಿದ್ದರೆ ದಯವಿಟ್ಟು ತಿಳಿಸು. ಅವನು ವಾರವಾರವೂ ಬರೆಯುವ ಕಾರ್ಡಿನಲ್ಲಿ ತನ್ನ ಯೋಗಕ್ಷೇಮ ಒಂದು ಸಾಲು, ಪಕ್ಕದ ಮನೆಯ ಹುಡುಗಿಯೊಬ್ಬಳ ವಿಷಯ ಹತ್ತು ಸಾಲು. ಅವಳು ಪಾತ್ರೆಯನ್ನು ಕುಕ್ಕಿ ಮತ್ತೆ ಮೆತ್ತಗೆ ಇಡುತ್ತಾಳಂತೆ. ಆ ಹುಡುಗಿ ಯಾರೆಂದು ನಿನಗೇನಾದರೂ ಗೊತ್ತೇ?’

ಮುತ್ಯಾಲಮ್ಮನಿಗೆ ಮೊದಲು ನಗು ಬಂತು. ಆಮೇಲೆ ಕೋಪ. ಆಮೇಲೆ ಎರಡೂ ಸೇರಿ ಅಳು!

ಅವನು ಒಳಗೆ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ. ಅವಳು ಹಿತ್ತಲ ಬಾಗಿಲಲ್ಲಿ ನಿಂತು ಕಾಗದ ಚಾಚಿದಳು. ಓದಿದವನ ಮುಖ ಬಿಳಿಚಿಕೊಂಡಿತು.

“ಯಾಕೆ ಹೀಗ್ಮಾಡಿದ್ರಿ?”

ಹನ್ನೊಂದು ಮನೆ ತಿರುಗಿದ್ದೆ ಎಂದ ಅವನು. ಹನ್ನೊಂದರಲ್ಲೂ ಹೆಂಡತಿಯಿಲ್ಲದವನಿಗೆ ಮನೆಯಿಲ್ಲ ಎಂದಿದ್ದರು. ನಾಲ್ಕು ದಿನ ಛತ್ರದಲ್ಲಿ ಮಲಗಿದ್ದ. ಹನ್ನೆರಡನೆಯ ಬಾಗಿಲಲ್ಲಿ ಇವಳು ನಿಂತಿದ್ದಳು. ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದ. ಆಮೇಲೆ ನಿಜ ಹೇಳೋಣವೆಂದರೆ ಮನೆ ಹೋಗುತ್ತದೆ, ಮನೆ ಹೋದರೆ ಬಾವಿಕಟ್ಟೆಯೂ ಹೋಗುತ್ತದೆ.

“ಇಷ್ಟು ದಿನ ಹೇಳಿದ್ದರಲ್ಲಿ ಸುಳ್ಳೆಷ್ಟು, ನಿಜ ಎಷ್ಟು?”

“ಹೆಂಡ್ತಿ ಇದಾಳೆ ಅಂದಿದ್ದು ಸುಳ್ಳು,” ಎಂದ ಕದಿರೇಶ. “ಹೆಂಗಿದಾಳೆ ಅಂತ ಹೇಳಿದ್ದೆಲ್ಲ ನಿಜ.”

ಅವಳು ಕಾಗದವನ್ನು ಅವನ ಕೈಯಿಂದ ವಾಪಸು ತೆಗೆದುಕೊಂಡು ಮಡಿಸಿದಳು.

“ಮೂರು ತಿಂಗಳಿಂದ ಆಕೆ ಮೇಲೆ ಹೊಟ್ಟೆಕಿಚ್ಚು ಪಟ್ಕೊಂಡಿದೀನಿ,” ಎಂದಳು. “ಈಗ ಅದನ್ನ ಎಲ್ಲಿಗೆ ಹಾಕ್ಲಿ ಹೇಳಿ.”

ಕದಿರೇಶ ಅವಳನ್ನೇ ನೋಡಿದ. ಈ ಸಲ ಅವನು ಯಾರನ್ನು ನೋಡುತ್ತಿದ್ದಾನೆ ಎಂದು ಅವಳಿಗೆ ಅನುಮಾನವೇ ಇರಲಿಲ್ಲ.

“ಅವ್ವಂಗೆ ನಾನೇ ಹೇಳ್ತೀನಿ,” ಎಂದು ಎದ್ದ. “ಸುಳ್ಳು ಹೇಳಿ ತಗೊಂಡ ಮನೇಲಿ ಕೂತ್ಕೊಂಡು ನಿಮ್ಮನ್ನ ಕೇಳಕ್ಕಾಗಲ್ಲ.”

ಹೇಳಿದ. ಅವ್ವನಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ಹಂಗಾದ್ರೆ ಶಾಮಲಮ್ಮ ಯಾರು ಎಂದು ಮೂರು ಸಲ ಕೇಳಿದಳು. ಅಕ್ಕ ಎಂದರೆ, ಅಕ್ಕನನ್ನು ಯಾರಾದರೂ ಹೆಂಡತಿ ಅಂತಾರಾ ಎಂದಳು. ಪೂರ್ತಿ ಅರ್ಥವಾದ ಮೇಲೆ ಅವಳ ಮುಖ ಗಟ್ಟಿಯಾಯಿತು. ಸುಳ್ಳಿನ ಮೇಲೆ ಕೊಟ್ಟ ಮನೆ ಉಳಿಯುವುದಿಲ್ಲ, ಮನೆ ಚನ್ನರಾಯಪ್ಪನಿಗೆ, ಈಗಲೇ ಹೊರಡು ಎಂದು ಕೈ ಚಾಚಿದಳು. ಕದಿರೇಶ ಮರುಮಾತಿಲ್ಲದೆ ಬೀಗದ ಕೈ ಕೊಟ್ಟ.

ಮುತ್ಯಾಲಮ್ಮ ಬಾಗಿಲ ಹಿಂದಿನಿಂದ ಈಚೆ ಬಂದಳು. ಹುಟ್ಟಿದಾಗಿನಿಂದ ಅವ್ವನ ತೀರ್ಮಾನಕ್ಕೆ ಅವಳು ಎದುರು ಹೇಳಿದ್ದಿಲ್ಲ.

“ಮನೆ ಚನ್ನರಾಯಪ್ಪನೋರಿಗೇ ಕೊಡವ್ವ,” ಎಂದಳು. “ನನ್ನ ಇವ್ರಿಗೆ ಕೊಡು.”

ಅವ್ವ ಮೊಮ್ಮಗಳನ್ನು ನೋಡಿದಳು. ಟ್ರಂಕಿನ ಪಕ್ಕ ನಿಂತವನನ್ನು ನೋಡಿದಳು. ಮನೆ ಬಿಟ್ಟು ಹೋಗಲು ತಯಾರಾಗಿ ನಿಜ ಹೇಳಿದವನು ಅವಳ ಜಗಲಿಗೆ ಬಂದವರಲ್ಲಿ ಇವನೇ ಮೊದಲಿಗ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಯಲ್ದೂರಿಗೆ ಯಾರ ಕೈಲಿ ಹೇಳಿಕಳಿಸುವುದೋ ಎಂದು ಗೊಣಗಿದಳು.

“ಆ ಶಾಮಲಮ್ಮನ್ನ ಕರ್ಕೊಂಡು ಬಾ,” ಎಂದಳು ಅವನಿಗೆ. “ಅಕ್ಕ ಅಂತ ಕರ್ಕೊಂಡು ಬಾ.”

ಮುತ್ಯಾಲಮ್ಮ ಬೀದಿ ಬಾಗಿಲವರೆಗೆ ಅವನ ಜೊತೆ ನಡೆದಳು. ಇನ್ನೆಲ್ಲಿ ಇರುತ್ತೀರಿ ಎಂದು ಕೇಳಿದಳು. ಈಗ ಛತ್ರ, ಆಮೇಲೆ ಇನ್ನೊಂದು ಮನೆ ಹುಡುಕಬೇಕು ಎಂದ ಅವನು.

“ದೂರ ನೋಡ್ಬೇಡಿ. ಅವ್ವ ಒಬ್ಳೇ ಆಗ್ತಾಳೆ.”

“ಎಷ್ಟು ದೂರ ಆಗ್ಬೋದು?”

ಅವಳು ಯೋಚಿಸಿದಳು. “ನಾನು ಕೂಗಿದ್ರೆ ಅವ್ವಂಗೆ ಕೇಳ್ಬೇಕು, ಅಷ್ಟು.”

“ಆಯ್ತು. ಮನೆ ಎಷ್ಟು ದೊಡ್ಡದಿರ್ಲಿ?”

ಮುತ್ಯಾಲಮ್ಮ ತಲೆ ತಗ್ಗಿಸಿದಳು.

“ನಾನು ಪಿಸುಗುಟ್ಟಿದ್ರೂ... ನಿಮಗೆ ಕೇಳ್ಬೇಕು. ಅಷ್ಟೇ ಸಾಕು.”